ಸುಗ್ರೀವ ಸೈನ್ಯ ಕರೆಸಿದ್ದ, ರಾಮನಿಗೆ ಹೇಳಿರಲಿಲ್ಲ

ಕೊಟ್ಟ ಮಾತು ಅಂದರೆ ನಮಗೆ ತಕ್ಷಣ ನೆನಪಾಗುವವರು ಹರಿಶ್ಚಂದ್ರ, ಭೀಷ್ಮ. ಮ್ಯಾನೇಜರ್‌ಗಳಿಗೆ ತರಬೇತಿ ಕೊಡುವಾಗ ನಾನು ಇವರ ಕಥೆ ಎತ್ತುವುದು ಕಡಿಮೆ. ಮಾತಿಗಾಗಿ ರಾಜ್ಯ ಬಿಡುವ ಸಂದರ್ಭ ಆಫೀಸಿನಲ್ಲಿ ಬರುವುದಿಲ್ಲ. ಅಲ್ಲಿ ಮಾತು ತಪ್ಪುವುದು ಸುಗ್ರೀವನ ರೀತಿಯಲ್ಲಿ.

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡ ನೋಡಿ. ವಾಲಿಯನ್ನು ಕೊಂದು ರಾಮ ತನ್ನ ಪಾಲಿನ ಕೆಲಸ ಮುಗಿಸಿದ್ದಾನೆ. ಮಳೆಗಾಲ ಕಳೆದ ಮೇಲೆ ಸೀತೆಯನ್ನು ಹುಡುಕಿಸುವುದು ಸುಗ್ರೀವನ ಪಾಲು. 4 ತಿಂಗಳು ರಾಮ ಬೆಟ್ಟದ ಗುಹೆಯಲ್ಲಿ ಕಾಯುತ್ತಾನೆ. (ಹಂಪಿಯ ಮಾಲ್ಯವಂತ ಬೆಟ್ಟವೇ ಆ ಜಾಗ ಅಂತ ನಮ್ಮಲ್ಲಿ ನಂಬಿಕೆ. ಅಲ್ಲಿ ರಘುನಾಥನ ಗುಡಿಯೂ ಇದೆ.) ಮಳೆ ನಿಂತಿತು, ಕಿಷ್ಕಿಂಧೆಯಿಂದ ಸುದ್ದಿಯೇ ಇಲ್ಲ.

ಸುಗ್ರೀವ ಕುಡಿದು ಮೈಮರೆತ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ಕಥೆ. ಲಕ್ಷ್ಮಣ ಸಿಟ್ಟಿನಿಂದ ಬರುವ ಮೊದಲೇ ಹನುಮಂತ ಅವನನ್ನು ಎಚ್ಚರಿಸಿದ್ದ. ರಾಮ ಕೇಳುವ ಮೊದಲು ಮಾಡಿದರೆ ಹೊತ್ತು ಮೀರಿದ ಹಾಗಲ್ಲ, ಕೇಳಿಸಿಕೊಂಡು ಮಾಡಿದರೆ ಮೀರಿದ ಹಾಗೆಯೇ ಅಂದಿದ್ದ. ಸುಗ್ರೀವ ಒಪ್ಪಿದ. 15 ದಿನದೊಳಗೆ ಸೈನ್ಯ ಸೇರಿಸು ಅಂತ ಸೇನಾಪತಿ ನೀಲನಿಗೆ ಅಪ್ಪಣೆ ಕೊಟ್ಟು ಅಂತಃಪುರಕ್ಕೆ ಹೋದ. ರಾಮನಿಗೆ ಮಾತ್ರ ಏನೂ ತಿಳಿಯಲಿಲ್ಲ. ವಾಲಿ ಹೋದ ದಾರಿ ಇನ್ನೂ ಮುಚ್ಚಿಲ್ಲ ಅಂತ ಅವನು ಹೇಳಿ ಕಳಿಸಿದ್ದು ಆಗಲೇ.

ಕಂಪನಿಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಶುಕ್ರವಾರ ಕೊಡ್ತೀವಿ ಅಂದ ಡ್ರಾಯಿಂಗ್ ಮುಕ್ಕಾಲು ಪಾಲು ಆಗಿರುತ್ತದೆ. ಹುಡುಗರು ರಾತ್ರಿ ಕೂತು ಮಾಡುತ್ತಿರುತ್ತಾರೆ. ಆದರೆ ಗುರುವಾರ ಯಾರೂ ಫೋನ್ ಮಾಡುವುದಿಲ್ಲ. ಪೂರ್ತಿ ಆದಮೇಲೇ ಹೇಳೋಣ ಅನ್ನುವ ಸಂಕೋಚ. ಸೋಮವಾರ ಗ್ರಾಹಕರೇ ಫೋನ್ ಮಾಡಿ "ಏನಾಯ್ತು ಸಾರ್ ನಮ್ಮದು?" ಅನ್ನುತ್ತಾರೆ. ಆಮೇಲೆ ಎಷ್ಟು ಚೆನ್ನಾಗಿ ಮಾಡಿಕೊಟ್ಟರೂ ಅದು ಕೇಳಿಸಿಕೊಂಡು ಮಾಡಿದ ಕೆಲಸವೇ ಅಲ್ವಾ? "ಮುಕ್ಕಾಲು ಆಗಿದೆ, ಬುಧವಾರ ಕೈಗೆ ಕೊಡ್ತೀವಿ" ಅಂತ ಗುರುವಾರವೇ ಹೇಳಿದ್ದರೆ ಅವರೂ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಿದ್ದರು.

ಮೇಲಿನ ಸ್ಥಾನದಲ್ಲಿ ಇರುವವರು ಮುಂದಿನ ಭಾಗವನ್ನೂ ಓದಬೇಕು. ಸುಗ್ರೀವ ನಾಲ್ಕೂ ದಿಕ್ಕಿಗೆ ತಂಡ ಕಳಿಸಿದ. 1 ತಿಂಗಳ ಗಡುವು, ಮೀರಿದವರಿಗೆ ಸಾವು. ಈಗಷ್ಟೇ ತನ್ನ ತಡಕ್ಕೆ ಕ್ಷಮೆ ಪಡೆದವನು ಅವನು! ದಕ್ಷಿಣಕ್ಕೆ ಹೋದ ಅಂಗದನ ತಂಡ ಸ್ವಯಂಪ್ರಭೆ ಅನ್ನುವ ತಪಸ್ವಿನಿಯ ಗುಹೆಯಲ್ಲಿ ಸಿಕ್ಕಿಕೊಂಡು ಗಡುವು ಮೀರಿತು. ವಾಪಸ್ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಸಮುದ್ರದ ದಂಡೆಯಲ್ಲಿ ಅನ್ನನೀರು ಬಿಟ್ಟು ಸಾಯಲು ಕೂತರು. ಹನುಮಂತನಂಥವನು ಇದ್ದ ತಂಡ ಅದು. ಜಟಾಯುವಿನ ಅಣ್ಣ ಸಂಪಾತಿ ಅಲ್ಲಿಗೆ ಬಂದು ಸೀತೆಯ ಸುಳಿವು ಕೊಟ್ಟದ್ದರಿಂದ ಕೆಲಸ ಉಳಿಯಿತು.

ನಿಮ್ಮ ವಾರದ ಮೀಟಿಂಗ್‌ನಲ್ಲಿ ಮುಗಿದ ಕೆಲಸದ ಲೆಕ್ಕಕ್ಕಿಂತ ಮೊದಲು "ಯಾವುದು ತಡ ಆಗೋ ಹಾಗಿದೆ?" ಅಂತ ಕೇಳಿ. ಯಾರಾದರೂ ಬಾಯಿಬಿಟ್ಟರೆ ಅಲ್ಲೇ ಬೈಯಬೇಡಿ. ಹೊಸ ದಿನಾಂಕ ಯಾವುದು, ಗ್ರಾಹಕರಿಗೆ ಯಾರು ಹೇಳುತ್ತಾರೆ, ಇಷ್ಟನ್ನು ಅಲ್ಲೇ ಬರೆದುಕೊಳ್ಳಿ.