ಸೂರ್ಯಾಸ್ತಕ್ಕೆ ನಮ್ಮದೇ ಬೋಟು: ಕಾರವಾರದಲ್ಲಿ ಯಾವಾಗ, ಹೇಗೆ?

ಪ್ರಶ್ನೆ: ನಾವು ಶಿರಸಿಯವರು. ಫೆಬ್ರವರಿಯಲ್ಲಿ ಅಪ್ಪ-ಅಮ್ಮನ ಮದುವೆಯಾಗಿ 40 ವರ್ಷ ತುಂಬುತ್ತದೆ. ಕಾರವಾರದಲ್ಲಿ ನಮ್ಮ ಮನೆಯವರಿಗಷ್ಟೇ ಒಂದು ಬೋಟು ಮಾಡಿಕೊಂಡು, ನೀರಿನ ಮೇಲಿಂದ ಸೂರ್ಯ ಮುಳುಗುವುದನ್ನು ಅವರಿಗೆ ತೋರಿಸಬೇಕು ಅಂತ ಆಸೆ. ಒಟ್ಟು ಹತ್ತು ಜನ, ಅದರಲ್ಲಿ ಇಬ್ಬರು ಮಕ್ಕಳು. ಅಮ್ಮನಿಗೆ ನೀರು ಅಂದ್ರೆ ಸ್ವಲ್ಪ ಹೆದರಿಕೆ. ಯಾಟ್ ಸಿಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬೋಟು ಸಿಗುತ್ತದೆ. ಆದರೆ ಬೋಟಿನಿಂದ ಶುರು ಮಾಡಬೇಡಿ. ಮೊದಲು ದಿನ ಗೊತ್ತು ಮಾಡಿ, ಆಮೇಲೆ ನದಿಯೋ ಕಡಲೋ ಅಂತ ತೀರ್ಮಾನಿಸಿ, ಬೋಟು ಹುಡುಕುವುದು ಕೊನೆಗೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಚೆಂದದ ಫೋಟೋ ನೋಡಿ ಮುಂಗಡ ಕೊಟ್ಟು, ಭಾನುವಾರ ಸಂಜೆ ಬಂದು ನಿಂತಾಗ ನೀರು ಇಳಿದು ಬೋಟು ಮರಳಿಗೆ ತಾಗುತ್ತಿರುತ್ತದೆ, ಅಥವಾ ನದಿ ಕಡಲು ಸೇರುವ ಅಳಿವೆಯಲ್ಲಿ ಅಲೆ ಎದ್ದು, ಬೋಟು ನಡೆಸುವ ತಾಂಡೇಲರು ಇವತ್ತು ಆಗೋದಿಲ್ಲ ಅಂತ ತಲೆ ಆಡಿಸುತ್ತಿರುತ್ತಾರೆ.

ಹಾಗಾಗಿ ಕ್ಯಾಲೆಂಡರ್‌ನಲ್ಲಿ ವಾರ ನೋಡುವ ಮೊದಲು ತಿಥಿ ನೋಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಹೊತ್ತು ದಿನಾ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಆ ದಿನಗಳಲ್ಲಿ ಕಾರವಾರದ ಕಡೆ ಮಧ್ಯಾಹ್ನಕ್ಕೆ ಮೊದಲು ನೀರು ತುಂಬಿ, ಸಂಜೆ ಹೊತ್ತಿಗೆ ಇಳಿದಿರುತ್ತದೆ. ಅಲ್ಲಿಂದ ಒಂದು ವಾರ ಕಳೆದು ಸಪ್ತಮಿ, ಅಷ್ಟಮಿ ಬರುವಷ್ಟರಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಸಂಜೆ ನೀರು ತುಂಬಿರುತ್ತದೆ, ಏರಿಳಿತವೂ ಕಡಿಮೆ, ಸೆಳೆತವೂ ಕಡಿಮೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಈ ಅಷ್ಟಮಿ ಸುತ್ತಿನ ದಿನಗಳನ್ನೇ. ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದವರೆಗೂ ಬೋಟು ಹೋಗುತ್ತದೆ, ಹತ್ತುವಾಗ ಇಳಿಯುವಾಗ ಬೋಟು ಕಟ್ಟುವ ಧಕ್ಕೆಗೂ ಬೋಟಿಗೂ ನಡುವೆ ಅಷ್ಟು ಎತ್ತರದ ವ್ಯತ್ಯಾಸ ಇರುವುದಿಲ್ಲ. ಅಮ್ಮನಿಗೆ ಇದು ದೊಡ್ಡ ವಿಷಯ. ಮಂಡಿನೋವು ಇದ್ದವರು ಹೆದರುವುದು ನೀರಿಗಿಂತ ಈ ಹತ್ತಿ ಇಳಿಯುವುದಕ್ಕೇ ಜಾಸ್ತಿ. ಸರಿಯಾದ ಗಂಟೆ ನಿಮಿಷಕ್ಕೆ ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ಇಂಟರ್ನೆಟ್‌ನಲ್ಲಿ ಸಿಗುತ್ತದೆ, ನೋಡಿಕೊಳ್ಳಿ.

ಹುಣ್ಣಿಮೆಗೆ ಅದರದ್ದೇ ಆದ ಸೊಗಸು ಇದೆ, ಅದನ್ನೂ ಹೇಳಬೇಕು. ಆ ಸಂಜೆ ಪಶ್ಚಿಮದಲ್ಲಿ ಸೂರ್ಯ ಇಳಿಯುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಹುಟ್ಟುತ್ತಾನೆ. ಕಾರವಾರದಲ್ಲಿ ಘಟ್ಟದ ಸಾಲು ಕಡಲಿಗೆ ತೀರ ಹತ್ತಿರ ಬಂದಿದೆ. ಹಾಗಾಗಿ ಗುಡ್ಡದ ತಲೆ ದಾಟಿ ಚಂದ್ರ ಮೇಲೆ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಈ ಕಡೆಯ ಕೆಂಪು ಇನ್ನೂ ಆರಿರುವುದಿಲ್ಲ. ಎರಡನ್ನೂ ಒಂದೇ ಬೋಟಿನಲ್ಲಿ ಕೂತು ನೋಡಬಹುದು. ಬೇಕು ಅನಿಸಿದರೆ ಹುಣ್ಣಿಮೆಯನ್ನೇ ಆರಿಸಿಕೊಳ್ಳಿ. ಆದರೆ ನೀರು ಇಳಿದಿರುತ್ತದೆ ಅನ್ನುವುದು ನೆನಪಿರಲಿ, ಸಣ್ಣ ಕವಲುಗಳೊಳಗೆ ಹೋಗುವ ಆಸೆ ಬಿಡಬೇಕು.

ತಿಂಗಳ ವಿಷಯಕ್ಕೆ ಬಂದರೆ ಫೆಬ್ರವರಿ ಒಳ್ಳೆಯದೇ. ಮಳೆಗಾಲದ ನಾಲ್ಕು ತಿಂಗಳು ಕಡಲಿನ ಮಾತೇ ಎತ್ತಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಮೋಡಗಳ ಬಣ್ಣವೂ ಚೆಂದ, ಆದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. ಮೇ ತಿಂಗಳೂ ಹಾಗೆಯೇ. 2021ರ ಮೇ ಮಧ್ಯದಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಹೇಗೆ ಬಡಿಯಿತು ಅನ್ನುವುದು ಇಲ್ಲಿಯವರಿಗೆ ಮರೆತಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಡಲು ಹೆಚ್ಚು ಕಡಿಮೆ ಶಾಂತ.

ಇನ್ನು ಗಂಟೆ. ನವೆಂಬರ್ ಕೊನೆಗೆ ಕಾರವಾರದಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ, ಫೆಬ್ರವರಿ ಮಧ್ಯಕ್ಕೆ ಸುಮಾರು 6.40ಕ್ಕೆ, ಮೇ ಮಧ್ಯಕ್ಕೆ ಹತ್ತಿರ ಹತ್ತಿರ 7ಕ್ಕೆ. ಮುಳುಗಿದ ಮೇಲೆ ಕಣ್ಣಿಗೆ ಸರಿಯಾಗಿ ಕಾಣುವಷ್ಟು ಬೆಳಕು ಉಳಿಯುವುದು 20 ನಿಮಿಷದ ಚಿಲ್ಲರೆ, ಅಷ್ಟೇ. ಆ ಬೆಳಕಿನಲ್ಲೇ ಧಕ್ಕೆಗೆ ವಾಪಸ್ ಮುಟ್ಟಬೇಕು ಅಂತ ಲೆಕ್ಕ ಹಾಕಿ. ಅಂದರೆ ನೀವು 5 ಗಂಟೆಗೆ ಬೋಟು ಹತ್ತಿರಬೇಕು, 6.15ರ ಹೊತ್ತಿಗೆ ನಿಲ್ಲುವ ಜಾಗ ಸೇರಿರಬೇಕು. ಅದಕ್ಕೂ ಮೊದಲು, 3-4 ಗಂಟೆಗೆ ಹೊರಡುವುದರಲ್ಲಿ ಅರ್ಥವಿಲ್ಲ. ಬಿಸಿಲು ಸುಡುತ್ತಿರುತ್ತದೆ, ಪಡುವಣ ಗಾಳಿ ಜೋರಾಗಿ ಬೀಸುವುದೂ ಆಗಲೇ. ಸಂಜೆಯಾದಂತೆ ಅದು ತಗ್ಗುತ್ತದೆ.

ಈಗ ನೀರು. ಕಾರವಾರದಲ್ಲಿ ನಿಮ್ಮ ಮುಂದೆ ಎರಡು ದಾರಿ. ಒಂದು, ಕಾಳಿ ನದಿಯೊಳಗೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ನಿಧಾನಕ್ಕೆ ಸುತ್ತಿ ಅಳಿವೆಯ ಬಾಯಿಯ ಹತ್ತಿರ, ದೇವಬಾಗದ ಗಾಳಿಮರಗಳ ಈಚೆಗೆ ನಿಲ್ಲುವುದು. ಇನ್ನೊಂದು, ಅಳಿವೆ ದಾಟಿ ಕಡಲಿಗೆ ಹೋಗಿ ಕೂರ್ಮಗಡ ದ್ವೀಪದ ಕಡೆ ತಿರುಗುವುದು. ದಕ್ಷಿಣದ ಕಡೆ ಯೋಚನೆಯೇ ಬೇಡ. ಬೈತಖೋಲ್ ಬಂದರಿನ ಆಚೆ ನೌಕಾನೆಲೆ, ಅಂಜುದೀವ್ ದ್ವೀಪವೂ ನೌಕಾಪಡೆಯ ಕೈಯಲ್ಲಿದೆ. ಡ್ರೋನ್ ಹಾರಿಸಿ ವಿಡಿಯೋ ಮಾಡಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅನುಮತಿ ಇಲ್ಲದೆ ನೌಕಾನೆಲೆಯ ಹತ್ತಿರ ಅದನ್ನು ಹಾರಿಸಿದರೆ ಪೊಲೀಸ್ ಠಾಣೆಯಲ್ಲಿ ವಾರ್ಷಿಕೋತ್ಸವ ಕಳೆಯಬೇಕಾದೀತು.

ಅಳಿವೆ ದಾಟುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನದಿ ತಂದ ಮರಳು ಅಲ್ಲಿ ನೀರಿನಡಿ ದಿಬ್ಬವಾಗಿ ಕೂತಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಇಳಿತದ ಹೊತ್ತಿಗೆ ನದಿ ನೀರು ಹೊರಗೆ ಓಡುತ್ತಿರುತ್ತದೆ, ಎದುರಿಂದ ಗಾಳಿ ಅಲೆಯನ್ನು ಒಳಗೆ ತಳ್ಳುತ್ತಿರುತ್ತದೆ, ಎರಡೂ ಡಿಕ್ಕಿಯಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ. ಒಳ್ಳೆಯ ತಾಂಡೇಲರು ಅಲ್ಲಿ ಹೇಗೆ ದಾಟಿಸುತ್ತಾರೆ ನೋಡಿ. ದಿಬ್ಬಕ್ಕೆ ಸ್ವಲ್ಪ ಮೊದಲೇ ಎಂಜಿನ್ ಸಣ್ಣಗೆ ಮಾಡಿ, ಮಾತು ನಿಲ್ಲಿಸಿ, ಬೋಟಿನ ಮೂತಿಯನ್ನು ಅಲೆಗೆ ನೇರ ಹಿಡಿದು ಕಾಯುತ್ತಾರೆ. ದೊಡ್ಡ ಅಲೆ ಸಾಲಾಗಿ ಎರಡು ಮೂರು ಬರುತ್ತದೆ, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಒಮ್ಮೆಲೇ ಎಂಜಿನ್ ಏರಿಸಿ ದಾಟಿಬಿಡುತ್ತಾರೆ. ಇದು ಕಣ್ಣಿನ ಕೆಲಸ. ಕತ್ತಲಾದ ಮೇಲೆ ಕಣ್ಣು ನಡೆಯುವುದಿಲ್ಲ. ಅದಕ್ಕೇ ಕಡಲಿಗೆ ಹೋದವರು ಸೂರ್ಯ ಮುಳುಗಿದ ಮೇಲೆ ಅಲ್ಲೇ ಇನ್ನೊಂದರ್ಧ ಗಂಟೆ ಇರೋಣ ಅಂತ ಒತ್ತಾಯ ಮಾಡಬಾರದು.

ಹತ್ತು ಜನ, ಮಕ್ಕಳು, ನೀರಿಗೆ ಹೆದರುವ ಅಮ್ಮ ಅಂದ ಮೇಲೆ ನನ್ನ ಆಯ್ಕೆ ನದಿಯೇ. ಡಾಲ್ಫಿನ್ ನೋಡಲು ಕಡಲಿಗೇ ಹೋಗಬೇಕು ಅಂತೇನಿಲ್ಲ. ಇಲ್ಲಿಯ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹುಡುಕಿಕೊಂಡು ಅಳಿವೆಯ ಹತ್ತಿರವೇ ಬರುತ್ತವೆ. ಕಂಡರೆ ಬೆನ್ನಟ್ಟಿಸಬೇಡಿ, ಎಂಜಿನ್ ಸಣ್ಣಗೆ ಮಾಡಿಸಿ ಸುಮ್ನೆ ಕೂತಿರಿ. ಮತ್ತೆ ಬೋಟಿನಲ್ಲಿರುವ ಅಷ್ಟೂ ಜನ ಒಂದೇ ಕಡೆಗೆ ಎದ್ದು ಓಡಬಾರದು. ಬೋಟು ಮಗುಚುವುದು ಇಂಥ ಹೊತ್ತಿನಲ್ಲೇ.

ಸುರಕ್ಷತೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. ಹಬ್ಬದ ಖುಷಿಯಲ್ಲಿ ಹೋದವರು ಅವರು, ಅದರಲ್ಲಿ ಮಕ್ಕಳೂ ಇದ್ದರು. ಆ ದಿನವನ್ನು ನೆನೆಯದೆ ಈ ನೀರಿನಲ್ಲಿ ಬೋಟು ಹತ್ತಬಾರದು ಅಂತ ನನಗೆ ಅನಿಸುತ್ತದೆ. ಆದ್ದರಿಂದ ಫೋನಿನಲ್ಲಿ ಮೊದಲ ಪ್ರಶ್ನೆ ರೇಟಿನದ್ದಾಗಬಾರದು. ಬೋಟಿಗೆ ನೋಂದಣಿ ಇದೆಯಾ, ಎಷ್ಟು ಜನರಿಗೆ ಪರವಾನಗಿ, ವಿಮೆ ಇದೆಯಾ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಕೇಳಿ. ಸಂದೇಹ ಬಂದರೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿ ಕಾರವಾರದಲ್ಲೇ ಇದೆ, ವಿಚಾರಿಸಿ. ಹತ್ತು ಜನ ಅಂದರೆ ತಾಂಡೇಲರು, ಸಹಾಯಕ ಸೇರಿ ಹನ್ನೆರಡು ಅನ್ನುವುದನ್ನು ಮರೆಯಬೇಡಿ.

ಜಾಕೆಟ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಎದೆಯ ಬಕಲ್ಲುಗಳನ್ನೆಲ್ಲ ಹಾಕಿ, ಪಟ್ಟಿ ಬಿಗಿ ಎಳೆದು, ಭುಜದ ಹತ್ತಿರ ಎರಡೂ ಕಡೆ ಹಿಡಿದು ಮೇಲಕ್ಕೆ ಎತ್ತಿ. ಕಿವಿಯವರೆಗೆ ಏರಿ ಬಂದರೆ ಅದು ಸಡಿಲ, ನೀರಿಗೆ ಬಿದ್ದಾಗ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ಬೇರೆ ಅಳತೆಯದ್ದು ಕೇಳಿ. ಇಲ್ಲ ಅಂದರೆ ಆ ಬೋಟು ಬೇಡ. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ ಅಂತ ನಡುವೆ ಬಿಚ್ಚುವುದೂ ಬೇಡ, ರೇಷ್ಮೆ ಸೀರೆಯ ಫೋಟೋ ದಡದಲ್ಲೇ ತೆಗೆದುಕೊಳ್ಳಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದ್ದು 1093. ಎರಡನ್ನೂ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನೂ ನೋಡಿ. ಇಲ್ಲಿ ಗಾಳಿ ಇಲ್ಲದಿದ್ದರೂ ದೂರದ ಮಹಾಸಾಗರದಲ್ಲಿ ಎದ್ದ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುವುದುಂಟು.

ಯಾಟ್ ವಿಷಯ. ಬಿಳಿ ಬಣ್ಣದ, ಒಳಗೆ ಎ.ಸಿ. ಕೋಣೆ, ಮೇಲೆ ಸೋಫಾ ಇರುವಂಥದ್ದೇ ಬೇಕು ಅಂದರೆ ಗೋವಾಕ್ಕೆ ಹೋಗಬೇಕು. ಪಣಜಿಯ ಮಾಂಡೋವಿ ನದಿಯಲ್ಲಿ ಅವು ಗಂಟೆ ಲೆಕ್ಕದಲ್ಲಿ ಸಿಗುತ್ತವೆ. ಕಾರವಾರದಿಂದ ಸುಮಾರು 100 ಕಿ.ಮೀ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಫೈಬರ್ ಬೋಟು. ಮೇಲೊಂದು ಮಾಡು, ಎರಡೂ ಬದಿಗೆ ಬೆಂಚು, ಹಿಂದೆ ಎಂಜಿನ್. ನನಗಂತೂ ಇದೇ ಇಷ್ಟ. ಕೈ ಚಾಚಿದರೆ ನೀರು ಸಿಗುತ್ತದೆ, ಮನೆಯವರೆಲ್ಲ ಎದುರುಬದುರು ಕೂರುತ್ತಾರೆ, ತಾಂಡೇಲರು ಯಾವ ಗುಡ್ಡ, ಯಾವ ಊರು, ಯಾವ ಮೀನು ಅಂತ ಹೇಳುತ್ತಾ ಹೋಗುತ್ತಾರೆ. ಆ ಮಾತಿಗೆ ದುಡ್ಡು ಕೊಡಲಿಕ್ಕಾಗುವುದಿಲ್ಲ. ಹಿಂದಿನ ದಿನವೇ ಹೋಗಿ ಬೋಟನ್ನು ಕಣ್ಣಾರೆ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ ಧಕ್ಕೆಯಲ್ಲಿ ಕಟ್ಟಿದ ಬೋಟಿನಲ್ಲೇ ಐದು ನಿಮಿಷ ಕೂರಿಸಿ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಊಟ ತಿಂಡಿಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಮುರುಗಲು ಪಾನಕ ಸಾಕು. ಕೇಕ್ ಕತ್ತರಿಸುವುದಿದ್ದರೆ ದಡದಲ್ಲಿ ಮಾಡಿ, ಬೋಟಿನಲ್ಲಿ ಮೇಣದಬತ್ತಿ ಗಾಳಿಗೆ ನಿಲ್ಲುವುದಿಲ್ಲ. ಬಲೂನು, ಪ್ಲಾಸ್ಟಿಕ್ ಬಣ್ಣದ ಚೂರು ಯಾವುದೂ ಬೋಟಿಗೆ ಬರಬಾರದು, ಎಲ್ಲಾ ನೀರಿಗೇ ಹೋಗುತ್ತದೆ. ವಾಂತಿ ಬರುವವರು ಬೋಟಿನ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಲಿ, ಮೊಬೈಲ್ ನೋಡದಿರಲಿ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ನೀವು ಕೇಳದೇ ಇದ್ದರೂ ಇನ್ನೊಂದು ಸಲಹೆ ಕೊಡುತ್ತೇನೆ. ನೀವು ಶಿರಸಿಯವರು ಅಂದಿರಿ. ನಿಮ್ಮೂರಿನ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ, ದಾರಿಯಲ್ಲಿ ಒಂದು ಅಣೆಕಟ್ಟೂ ಇಲ್ಲದೆ ಘಟ್ಟ ಇಳಿದು, ಕುಮಟಾ ತಾಲೂಕಿನ ತದಡಿ ಹತ್ತಿರ ಕಡಲು ಸೇರುತ್ತದೆ. ದೇವಿಮನೆ ಘಟ್ಟ ಇಳಿದರೆ ನಿಮಗೆ ಕಾರವಾರಕ್ಕಿಂತ ಅದೇ ಹತ್ತಿರ. ಅಗಲವಾದ ಅಳಿವೆ, ಕಾಂಡ್ಲಾ ಕಾಡು, ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುವ ಹೆಂಗಸರು. ಅಪ್ಪ-ಅಮ್ಮ ಚಿಕ್ಕಂದಿನಿಂದ ನೋಡಿದ ನೀರು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ಅವರಿಗೆ ತೋರಿಸಬಹುದು. ಆದರೆ ಅಲ್ಲಿ ಪ್ರವಾಸಿಗರಿಗೆ ಅಂತಲೇ ಇರುವ ಬೋಟುಗಳು ಕಡಿಮೆ, ಮೊದಲೇ ಹೋಗಿ ಮಾತಾಡಿ, ಜಾಕೆಟ್ ವ್ಯವಸ್ಥೆ ನೋಡಿಯೇ ಒಪ್ಪಿಕೊಳ್ಳಬೇಕು. ಅಷ್ಟು ಓಡಾಟ ಬೇಡ ಅಂದರೆ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ ನೋಡಲು ಕರೆದೊಯ್ಯುವ ಬೋಟಿನವರು ಬೇಕಾದಷ್ಟು ಜನ ಇದ್ದಾರೆ.

ದುಡ್ಡಿನ ಮಾತು ಸ್ಪಷ್ಟ ಇರಲಿ. ಗಂಟೆ ಲೆಕ್ಕವೋ ಟ್ರಿಪ್ ಲೆಕ್ಕವೋ, ಡೀಸೆಲ್ ಸೇರಿದೆಯೋ ಇಲ್ಲವೋ, ನಿಂತು ಕಾಯುವ ಹೊತ್ತಿಗೆ ಬೇರೆ ಹಣವೋ, ಬೇರೆ ಯಾರನ್ನೂ ಹತ್ತಿಸುವುದಿಲ್ಲ ತಾನೇ, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗಾಳಿ ಎದ್ದು ತಾಂಡೇಲರೇ ಬೇಡ ಅಂದರೆ ಮುಂಗಡ ವಾಪಸ್ಸೋ ಮರುದಿನಕ್ಕೋ ಅಂತಲೂ ಕೇಳಿಡಿ. ಅವರು ಬೇಡ ಅಂದ ದಿನ ಜಾಸ್ತಿ ದುಡ್ಡು ಕೊಡ್ತೀನಿ ಬನ್ನಿ ಅಂತ ಯಾವ ಕಾರಣಕ್ಕೂ ಹೇಳಬೇಡಿ. ಆ ಸಂಜೆಗೆ ಸದಾಶಿವಗಡದ ಗುಡ್ಡ ಇದೆ, ಕಾರಿನಲ್ಲೇ ಮೇಲೆ ಹೋಗಬಹುದು, ಕಾಳಿ ಕಡಲು ಸೇರುವುದು ಅಲ್ಲಿಂದ ಪೂರ್ತಿ ಕಾಣುತ್ತದೆ. ಮರುದಿನಕ್ಕೆ ಬೋಟು ಇಟ್ಟುಕೊಳ್ಳಿ. ಇದಕ್ಕಾಗಿಯೇ ಕಾರವಾರದಲ್ಲಿ ಎರಡು ರಾತ್ರಿ ರೂಮು ಮಾಡಿ ಅನ್ನುತ್ತೇನೆ. ಬೋಟು ಇಳಿದ ರಾತ್ರಿಯೇ ವಯಸ್ಸಾದವರನ್ನು ಕೂರಿಸಿಕೊಂಡು ಘಟ್ಟ ಹತ್ತುವ ಆತುರವೂ ಆಗ ಇರುವುದಿಲ್ಲ.