ಪದ ಪರಿಚಯ: ಎಪ್ಸಿಲಾನ್

ಬಿ.ಎಸ್ಸಿ. ತರಗತಿಯಲ್ಲಿ ವಾಸ್ತವ ವಿಶ್ಲೇಷಣೆ ಎಂಬ ಗಣಿತ ವಿಭಾಗದ ಪಾಠ ಶುರುವಾದ ಕೆಲವೇ ದಿನಗಳಲ್ಲಿ ಕರಿಹಲಗೆಯ ಮೇಲೆ ಎಪ್ಸಿಲಾನ್ ಬಂದು ಕೂರುತ್ತದೆ. ಅದು ಗ್ರೀಕ್ ವರ್ಣಮಾಲೆಯ ಐದನೇ ಅಕ್ಷರ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಧಾರವಾಡಕ್ಕೆ ಓದಲು ಬರುವ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಗಣಿತ ಕಲಿತ ಮಕ್ಕಳು ಅದು ಬರುವ ‘ಮಿತಿ’ಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಪ್ರತಿ ವರ್ಷ ಅದನ್ನು ಕಂಡು ಸಂಕಟವಾಗುತ್ತದೆ. ಬಾಯಿಪಾಠದ ಅಗತ್ಯವೇ ಇಲ್ಲ. ಆ ವಾಕ್ಯದ ಕಟ್ಟು ಅವರ ಮಾತಿನಲ್ಲಿ ಮೊದಲೇ ಇದೆ.

1/2, 2/3, 3/4, 4/5... ಎಂಬ ಅನುಕ್ರಮವನ್ನು ತೆಗೆದುಕೊಳ್ಳಿ. ಇದರಲ್ಲಿನ ಒಂದೊಂದು ಸಂಖ್ಯೆಯೂ ಒಂದು ‘ಪದ’. ಇದರ ಮಿತಿ 1. ಹಾಗೆಂದರೇನು ಎಂದು ಕೇಳಿದರೆ, ‘ಪದಗಳು 1ಕ್ಕೆ ಹತ್ತಿರ ಹತ್ತಿರ ಬರುತ್ತವೆ ಸರ್’ ಎಂಬ ಉತ್ತರ ಬರುತ್ತದೆ. ನಿಜ. ಆದರೆ ಅವು 2ಕ್ಕೂ ಹತ್ತಿರ ಹತ್ತಿರ ಬರುತ್ತವಲ್ಲ! 2ರಿಂದ ಮೊದಲ ಪದ ಒಂದೂವರೆ ದೂರ, ಆಮೇಲಿನದು ಅದಕ್ಕಿಂತ ಕಡಿಮೆ, ಅದರ ಮುಂದಿನದು ಇನ್ನೂ ಕಡಿಮೆ. ಹಾಗಾದರೆ 2 ಏಕೆ ಮಿತಿಯಲ್ಲ? ತರಗತಿ ಸುಮ್ಮನಾಗುತ್ತದೆ. ಎಪ್ಸಿಲಾನ್ ಬೇಕಾಗುವುದು ಆ ಮೌನದಲ್ಲಿ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಕಾಕಾ ಲೇತ್ ನಡೆಸುತ್ತಾರೆ. ವಾಲ್ವ್‌ಗಳ ಬಿಡಿಭಾಗ ಮಾಡಿಕೊಡುವುದು ಅವರ ಕೆಲಸ. ‘ಕಾಕಾ, ಇದರ ವ್ಯಾಸ ಸರಿಯಾಗಿ 25 ಮಿಲಿಮೀಟರ್ ಬರುತ್ತದೆಯೇ?’ ಎಂದು ಹುಡುಗ ಕೇಳಿದ್ದಕ್ಕೆ ಅವರು, ‘ಸರಿಯಾಗಿ ಎಂದರೆ ಎಷ್ಟಪ್ಪ? ಟಾಲರೆನ್ಸ್ ಹೇಳು, ಆಮೇಲೆ ನನ್ನನ್ನು ಕೇಳು’ ಎಂದರಂತೆ. 0.1 ಮಿಲಿಮೀಟರ್ ಹೆಚ್ಚುಕಡಿಮೆ ನಡೆಯುತ್ತದೆ ಎಂದರೆ ಕೆಲಸ ಬೇಗ ಮುಗಿಯುತ್ತದೆ. 0.01 ಎಂದರೆ ಕೊನೆಯ ಕಟ್ ತೆಳುವಾಗಿ ತೆಗೆಯಬೇಕು, ಮತ್ತೆ ಮತ್ತೆ ಮೈಕ್ರೋಮೀಟರ್ ಹಿಡಿದು ನೋಡಬೇಕು.

ಆ ಟಾಲರೆನ್ಸೇ ಎಪ್ಸಿಲಾನ್. ಸೊನ್ನೆಗಿಂತ ದೊಡ್ಡದಾದ ಒಂದು ಸಂಖ್ಯೆ, ಎಷ್ಟು ತಪ್ಪನ್ನು ಸಹಿಸಬಹುದು ಎಂಬುದರ ಅಳತೆ. ಲೇತ್ ಯಂತ್ರಕ್ಕೆ ಇದಕ್ಕಿಂತ ಸೂಕ್ಷ್ಮ ಸಾಧ್ಯವಿಲ್ಲ ಎನ್ನುವ ಒಂದು ಹಂತ ಬರುತ್ತದೆ. ಗಣಿತದ ಗಿರಾಕಿಗೆ ಅಂಥ ತಡೆ ಇಲ್ಲ. ಅವನು ಎಷ್ಟು ಸಲವಾದರೂ ಹಿಂದಿರುಗಿ ಬಂದು ಇನ್ನೂ ಚಿಕ್ಕ ಎಪ್ಸಿಲಾನ್ ಕೇಳಬಹುದು.

ಈಗ ವ್ಯಾಖ್ಯೆ: ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ, ಅನುಕ್ರಮದ ಯಾವುದೋ ಒಂದು ಸ್ಥಾನದಿಂದಾಚೆ ಎಲ್ಲ ಪದಗಳೂ ಮಿತಿಯಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರುತ್ತವೆ. ‘ಕೊಟ್ಟರೂ’ ಎಂಬಲ್ಲಿನ ‘ಊ’ ನೋಡಿ. ‘ಯಾರು ಬಂದರೂ ಊಟ ಉಂಟು’ ಎನ್ನುವಾಗಿನ ಅದೇ ‘ಊ’. ಎಲ್ಲ ಎಪ್ಸಿಲಾನ್‌ಗಳನ್ನೂ ಅದೊಂದೇ ಅಕ್ಷರ ಹೊತ್ತು ನಿಂತಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನೂ ಅದೇ ಹೇಳುತ್ತದೆ: ಗಿರಾಕಿ ಮೊದಲು ಕೇಳುತ್ತಾನೆ, ಸ್ಥಾನವನ್ನು ನಾವು ಆಮೇಲೆ ಹುಡುಕಿಕೊಡುತ್ತೇವೆ.

ಹುಡುಕೋಣ. ನಮ್ಮ ಅನುಕ್ರಮದ ನೂರನೇ ಪದ 100/101. 1ರಿಂದ ಅದರ ದೂರ 1/101. ಎಪ್ಸಿಲಾನ್ 1/100 ಆಗಿದ್ದರೆ ನೂರನೇ ಪದದಿಂದ ಮುಂದೆ ಎಲ್ಲವೂ ಸರಿ. ಹತ್ತು ಲಕ್ಷದ ಒಂದಂಶ ಕೇಳಿದರೆ ಹತ್ತು ಲಕ್ಷದನೇ ಪದಕ್ಕೆ ಹೋಗಿ ನಿಂತರಾಯಿತು. ಸಾಮಾನ್ಯವಾಗಿ, 1ನ್ನು ಎಪ್ಸಿಲಾನ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಯಾದರೂ ಸಾಕು. (ಅಂಥ ಪೂರ್ಣಸಂಖ್ಯೆ ಇದ್ದೇ ಇರುತ್ತದೆ ಎಂಬುದಕ್ಕೆ ಆರ್ಕಿಮಿಡೀಸ್ ಗುಣ ಎಂದು ಹೆಸರು. ಅದನ್ನೂ ಸಾಧಿಸಿ ತೋರಿಸಬೇಕು ಎನ್ನುವುದೇ ಈ ವಿಷಯದ ಸೊಗಸು.) 2ರ ವಿಷಯದಲ್ಲಿ? ಎಪ್ಸಿಲಾನ್ 1/2 ಕೊಟ್ಟು ನೋಡಿ. ಎಷ್ಟು ದೂರ ಹೋದರೂ ಪ್ರತಿ ಪದವೂ 2ರಿಂದ 1ಕ್ಕಿಂತ ಹೆಚ್ಚೇ ದೂರ. ಮಿತಿಯಲ್ಲ ಎನ್ನಲು ಹೀಗೆ ಸೋಲುವ ಒಂದೇ ಒಂದು ಎಪ್ಸಿಲಾನ್ ಸಾಕು.

ಇಷ್ಟು ತಿಳಿದವರೂ ಉತ್ತರಪತ್ರಿಕೆಯಲ್ಲಿ ತಪ್ಪುವುದು ಮೊದಲು-ಆಮೇಲೆ ಎಂಬ ಆ ಕ್ರಮವನ್ನು ತಿರುಗಿಸಿ ಬರೆದಾಗ: ‘ಒಂದು ಸ್ಥಾನವಿದೆ, ಎಪ್ಸಿಲಾನ್ ಎಷ್ಟೇ ಇದ್ದರೂ ಆ ಸ್ಥಾನವೇ ಸಾಕು.’ ಮಾತುಗಳೆಲ್ಲ ಅವೇ, ಅರ್ಥ ಬೇರೆ. ಆ ಸ್ಥಾನದಾಚೆಯ ಪ್ರತಿ ಪದವೂ ಮಿತಿಗೆ ಎಲ್ಲ ಧನ ಸಂಖ್ಯೆಗಳಿಗಿಂತಲೂ ಹತ್ತಿರವಿರಬೇಕಾಗುತ್ತದೆ. ಅಂದರೆ ಮಿತಿಯೇ ಆಗಿರಬೇಕಾಗುತ್ತದೆ. 1/2, 2/3, 3/4... ಎಂದೂ 1 ಆಗುವುದಿಲ್ಲ. ಯಾವ ಟಾಲರೆನ್ಸ್ ಬೇಕೆಂದು ಕೇಳದೆಯೇ ಲೇತ್ ತಿರುಗಿಸಿ, ಎಲ್ಲ ಗಿರಾಕಿಗಳಿಗೂ ಇದೇ ನಡೆಯುತ್ತದೆ ಎಂದಂತೆ ಅದು.

ಈ ಅಕ್ಷರವನ್ನು ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಪ್ರಕಟಿಸಿದ ತನ್ನ ಪಾಠಗಳಲ್ಲಿ ಬಳಸಿದ. ‘ತಪ್ಪು’ ಎಂಬ ಅರ್ಥದ ಫ್ರೆಂಚ್ ಪದದ ಮೊದಲಕ್ಷರದಿಂದ ಅದು ಬಂದಿರಬಹುದು ಎಂಬ ಊಹೆಯೂ ಇದೆ. ವ್ಯಾಖ್ಯೆಯ ಇಂದಿನ ಬಿಗಿಯಾದ ರೂಪ ಬರ್ಲಿನ್‌ನಲ್ಲಿ ಪಾಠ ಮಾಡಿದ ವಯರ್‌ಸ್ಟ್ರಾಸ್‌ನದು. ಆತ ಅದಕ್ಕೂ ಮುಂಚೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲಾ ಮೇಷ್ಟ್ರಾಗಿದ್ದ.

ಈಗ 1, -1, 1, -1... ಎಂಬ ಅನುಕ್ರಮಕ್ಕೆ ಯಾವ ಮಿತಿಯೂ ಇಲ್ಲವೆಂದು ತೋರಿಸಿ ನೋಡಿ. ಎಪ್ಸಿಲಾನ್ 1/2 ಎಂದು ಹಿಡಿಯಿರಿ, ಮತ್ತು ಅಕ್ಕಪಕ್ಕದ ಎರಡು ಪದಗಳ ನಡುವಿನ ದೂರ 2 ಎಂಬುದನ್ನು ಮರೆಯಬೇಡಿ.