ದಾಳ ಉರುಳಿಸಿದ ಮಾತ್ರಕ್ಕೆ ಜೂಜಾಗುತ್ತಾ?

ಪ್ರಶ್ನೆ: ನನ್ನ ಮಗ ಡಿಗ್ರಿ ಓದುತ್ತಿದ್ದಾನೆ. ಭಾನುವಾರ ಬಂತೆಂದರೆ ಟಿಳಕವಾಡಿಯಲ್ಲಿರುವ ಗೆಳೆಯನ ಮನೆಗೆ ಹೋಗಿ ಸಂಜೆ ತನಕ ಕೂತಿರುತ್ತಾನೆ. ಅವನ ಬ್ಯಾಗಿನಲ್ಲಿ ಬಣ್ಣಬಣ್ಣದ ದಾಳ ಸಿಕ್ಕಿವೆ. ಕೇಳಿದರೆ 'ಕತೆ ಆಡ್ತೀವಿ' ಅನ್ನುತ್ತಾನೆ. ದಾಳ ಅಂದಮೇಲೆ ಅದು ಜೂಜಲ್ವಾ? ಜೂಜಲ್ಲ ಅಂದರೂ ಇದರಿಂದ ಏನು ಉಪಯೋಗ?

ಉತ್ತರ: ಇದೇ ಪ್ರಶ್ನೆ ಗೋಕಾಕದಿಂದ ಬಂದಿದೆ, ಮುಧೋಳದಿಂದ ಬಂದಿದೆ, ಇಂಡಿಯಿಂದಲೂ ಬಂದಿದೆ. ಒಮ್ಮೆ ತಂದೆ ಕೇಳುತ್ತಾರೆ, ಒಮ್ಮೆ ಅಕ್ಕ, ಒಮ್ಮೆ ಹುಡುಗರಿಗೆ ರೂಮು ಬಾಡಿಗೆ ಕೊಟ್ಟ ಮನೆ ಮಾಲೀಕರು. ಎಷ್ಟು ಸಲ ಹೇಳಿದರೂ ದಾಳದ ಭಯ ಹೋಗುತ್ತಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಅಮ್ಮಾ, ನಿಮ್ಮ ಮಗ ಜೂಜಾಡುತ್ತಿಲ್ಲ.

ಅವನು ಆಡುತ್ತಿರುವುದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ನಾಲ್ಕೈದು ಜನ ಗೆಳೆಯರು ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಅವನಿಗೆ ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ ಅಂತಾರೆ. ಉಳಿದವರಿಗೆ ಒಂದೊಂದು ಪಾತ್ರ. ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತ ಕೇಳುತ್ತಾ ಹೋದಂತೆ ದೂತಿ ಅಲ್ಲೇ ಮಾತು ಕಟ್ಟುತ್ತಾಳಲ್ಲ, ಹಾಗೆ ಇಲ್ಲೂ ಜಿಎಂ ಕೇಳುತ್ತಾನೆ, ಆಡುವವರು ಅಲ್ಲೇ ಯೋಚಿಸಿ ಉತ್ತರ ಕೊಡುತ್ತಾರೆ. ಬರೆದಿಟ್ಟ ಮಾತು ಇರುವುದಿಲ್ಲ. ನಮ್ಮ ಟೇಬಲಿನಲ್ಲಿ ಹೀಗೆ ನಡೆಯುತ್ತದೆ:

"ಮಲಪ್ರಭಾ ತುಂಬಿ ಹರಿಯಾಕತ್ತೈತಿ. ದೋಣಿ ಆ ದಂಡ್ಯಾಗ ಐತಿ. ಹಿಂದ ಕುದುರಿ ಸಪ್ಪಳ ಕೇಳಾಕತ್ತೈತಿ. ಏನ್ ಮಾಡ್ತೀರಿ?"

"ನಾ ಈಜ್ತೀನಿ."

"ಲೇ, ನಿನ್ನ ಕೈಗೆ ಗಾಯ ಆಗೇತಿ, ಮರತ್ಯಾ?"

ಈಗ ಅವನು ಈಜಿ ದಾಟುತ್ತಾನೋ ಇಲ್ಲವೋ? ದಾಟುತ್ತೇನೆ ಎಂದು ಅವನೇ ಹೇಳಿಬಿಟ್ಟರೆ ಕತೆಯಲ್ಲಿ ಸ್ವಾರಸ್ಯ ಇರುವುದಿಲ್ಲ. ಮುಳುಗಿದೆ ಎಂದು ಜಿಎಂ ಹೇಳಿಬಿಟ್ಟರೆ ಅನ್ಯಾಯ. ಅದಕ್ಕೆ ದಾಳ. ದಾಳದ ಕೆಲಸ ಇಷ್ಟೇ: ಇಬ್ಬರಿಗೂ ಗೊತ್ತಿಲ್ಲದ ಉತ್ತರವನ್ನು ಯಾರ ಪರವೂ ವಹಿಸದೆ ಕೊಡುವುದು.

ಇನ್ನು ಜೂಜಿನ ಮಾತು. ಜೂಜು ಆಗಬೇಕಾದರೆ ಮೊದಲು ಪಣ ಇಡಬೇಕು. ಹಣ, ಉಂಗುರ, ಹೊಲ, ಏನಾದರೂ ಒಂದು. ಆಮೇಲೆ ಒಬ್ಬ ಸೋತದ್ದು ಇನ್ನೊಬ್ಬನ ಕಿಸೆಗೆ ಹೋಗಬೇಕು. ಈ ಆಟದಲ್ಲಿ ಪಣವೇ ಇಲ್ಲ. ಗೆದ್ದವನು, ಸೋತವನು ಅಂತಲೂ ಇಲ್ಲ, ಯಾಕೆಂದರೆ ಎಲ್ಲರೂ ಒಂದೇ ಕಡೆಯವರು. ಹೊಳೆ ದಾಟಿದರೆ ಎಲ್ಲರೂ ದಾಟಿದ ಹಾಗೆ. ಜಿಎಂ ಕೂಡ ಎದುರಾಳಿ ಅಲ್ಲ, ಕತೆ ಚೆನ್ನಾಗಿ ಬರಲಿ ಎಂದು ಅವನಿಗೂ ಆಸೆ.

ಕಾನೂನು ಕೂಡ ದಾಳವನ್ನು ನೋಡಿ ಜೂಜು ಅನ್ನುವುದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ವಿವರಿಸುವಾಗ ಅದೃಷ್ಟದ ಆಟದ ಮೇಲೆ ಬಾಜಿ ಕಟ್ಟುವುದನ್ನು ಹಿಡಿಯುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಕಾಯ್ದೆ ಮಾಡಿದಾಗಲೂ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ಗೆರೆ ಎಳೆದಿರುವುದು ಹಣದ ಹತ್ತಿರ.

ಮನೆಯೊಳಗೇ ನೋಡಿ. ಕಟ್ಟೆ ಮೇಲೆ ಕೂತು ಅಜ್ಜಿ ಕವಡೆ ಹಾಕಿ ಚೌಕಾಬಾರಾ ಆಡುತ್ತಾಳೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಉಜ್ಜಿ ಹಾಕುತ್ತಾಳೆ. ಎಷ್ಟು ಬೀಳುತ್ತದೆ ಅನ್ನುವುದು ಪೂರ್ತಿ ಅದೃಷ್ಟ. ಅಜ್ಜಿ ಜೂಜಾಡುತ್ತಾಳೆ ಅಂತ ಯಾರಾದರೂ ಹೇಳುತ್ತಾರಾ? ಇನ್ನೊಂದು ಕಡೆ ಓಸಿ, ಅಂದರೆ ಮಟ್ಕಾ ನಂಬರು ಬರೆಸುವವರ ಕೈಯಲ್ಲಿ ದಾಳ ಇರುವುದಿಲ್ಲ, ಬರೀ ಒಂದು ಚೀಟಿ. ಮನೆ ಹಾಳಾಗುವುದು ಅದರಿಂದ. ಫೋನಿನಲ್ಲಿ ದುಡ್ಡು ಹಾಕಿ ರಮ್ಮಿ ಆಡಿ ಸಾಲ ಮಾಡಿಕೊಂಡ ಹುಡುಗರ ಬ್ಯಾಗಿನಲ್ಲೂ ದಾಳ ಸಿಗುವುದಿಲ್ಲ. ಧರ್ಮರಾಯ ರಾಜ್ಯ ಕಳೆದುಕೊಂಡಿದ್ದು ಪಣಕ್ಕೆ ಇಟ್ಟಿದ್ದರಿಂದ. ಸುಮ್ನೆ ಹೊತ್ತು ಕಳೆಯಲು ಪಗಡೆ ಆಡಿ ಎದ್ದಿದ್ದರೆ ಯಾರಿಗೂ ವನವಾಸ ಆಗುತ್ತಿರಲಿಲ್ಲ. ಮಗನ ಬಗ್ಗೆ ಚಿಂತೆ ಇದ್ದರೆ ದಾಳ ಎಣಿಸಬೇಡಿ, ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. 'ಹಣ ಇಲ್ಲ, ಸರಿ. ಆದರೆ ಅದೃಷ್ಟ ನಂಬುವ ಚಟ ಹತ್ತುತ್ತದಲ್ಲ?' ಅನ್ನುತ್ತಾರೆ. ನನಗೆ ನಿಜವಾಗಿ ಬೇಜಾರಾಗುವುದು ಈ ಮಾತಿಗೆ, ಯಾಕೆಂದರೆ ಆಗುವುದು ಪೂರ್ತಿ ಉಲ್ಟಾ. ಲೆಕ್ಕ ಹಾಕಿ ನೋಡೋಣ. ಈ ಆಟದಲ್ಲಿ ಹೆಚ್ಚು ಬಳಸುವುದು 20 ಮುಖದ ದಾಳ. ಒಂದೊಂದು ಮುಖ ಬೀಳುವ ಸಾಧ್ಯತೆ ನೂರಕ್ಕೆ 5. ಗಾಯದ ಕೈಯಲ್ಲಿ ಹೊಳೆ ಈಜಲು 15 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು ಅಂತ ಜಿಎಂ ಹೇಳಿದ ಅಂದುಕೊಳ್ಳಿ. 15ರಿಂದ 20ರ ತನಕ ಆರು ಮುಖ, ಅಂದರೆ ನೂರಕ್ಕೆ 30. ಇದನ್ನು ಕಂಡ ಕೂಡಲೇ ಹುಡುಗರು ದಾಳ ಕೆಳಗಿಟ್ಟು ಯೋಚನೆಗೆ ಬೀಳುತ್ತಾರೆ. ಒಬ್ಬ ತನ್ನ ಹತ್ತಿರ ಹಗ್ಗ ಇದೆ ಅನ್ನುತ್ತಾನೆ. ಇನ್ನೊಬ್ಬ ದಂಡೆಯ ಮರಕ್ಕೆ ಕಟ್ಟೋಣ ಅನ್ನುತ್ತಾನೆ. ಜಿಎಂ ಒಪ್ಪಿ 10 ಬಿದ್ದರೆ ಸಾಕು ಅನ್ನುತ್ತಾನೆ. ಈಗ ನೂರಕ್ಕೆ 55. ಕೆಲವು ನಿಯಮಗಳಲ್ಲಿ ಗೆಳೆಯ ಸಹಾಯಕ್ಕೆ ನಿಂತರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ಹಗ್ಗವೇ ಇಲ್ಲದೆ, 15 ಬೇಕಿದ್ದರೂ ನೂರಕ್ಕೆ 30 ಇದ್ದದ್ದು 51 ಆಗುತ್ತದೆ. ಇಡೀ ಸಂಜೆ ಈ ಹುಡುಗರು ಮಾಡುವುದು ಇದನ್ನೇ: ಅದೃಷ್ಟಕ್ಕೆ ಬಿಡುವ ಪಾಲನ್ನು ಕಡಿಮೆ ಮಾಡುವುದು. ಪಳಗಿದವರು ದಾಳ ಮುಟ್ಟದೇ ಕೆಲಸ ಸಾಧಿಸಲು ನೋಡುತ್ತಾರೆ. ದೋಣಿಯವನನ್ನು ಕೂಗಿ ಕರೆದು ಒಳ್ಳೆ ಮಾತಾಡಿ ಈ ದಂಡೆಗೆ ತರಿಸಿಕೊಂಡುಬಿಟ್ಟರೆ ಈಜುವ ಮಾತೇ ಇಲ್ಲ. ಜೂಜುಕೋರ ಹೀಗೆ ಯೋಚಿಸುತ್ತಾನಾ?

ಭಯ ನಮ್ಮಲ್ಲಿ ಮಾತ್ರ ಅಂತಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಇಂಥದೇ ಆಟ ಹೊರತಂದರು. ಸಣ್ಣ ಗೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದ ಆಟದಿಂದ ಬೆಳೆದು ಬಂದದ್ದು ಅದು. 1980ರ ದಶಕದಲ್ಲಿ ಅಮೆರಿಕದ ಪಾಲಕರು ಇದರಲ್ಲಿ ಸೈತಾನನ ಪೂಜೆ ಇದೆ ಅಂತ ಗಲಾಟೆ ಎಬ್ಬಿಸಿದರು. ಇದರ ವಿರುದ್ಧ ಒಂದು ಸಂಘವೇ ಹುಟ್ಟಿತ್ತು. ಆಟ ಉಳಿಯಿತು, ಅಂದು ಆಡಿದ ಮಕ್ಕಳು ಇಂದು ತಮ್ಮ ಮಕ್ಕಳಿಗೆ ಆಡಿಸುತ್ತಿದ್ದಾರೆ.

ಉಪಯೋಗ ಏನು ಅಂತ ಕೇಳಿದಿರಿ. ಪರೀಕ್ಷೆಯಲ್ಲಿ ಅಂಕ ಬರುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಕಣ್ಣಿಗೆ ಕಂಡದ್ದು ಬೇರೆ. ಮೂರ್ನಾಲ್ಕು ಗಂಟೆ ಗೆಳೆಯರು ಎದುರುಬದುರು ಕೂತು, ಒಬ್ಬ ಮಾತಾಡುವಾಗ ಉಳಿದವರು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳದಿದ್ದರೆ ಆಟವೇ ಮುಂದೆ ಹೋಗುವುದಿಲ್ಲ. ಹೋದ ವಾರ ಹಳ್ಳಿಯ ಮುದುಕಿ ಏನು ಹೇಳಿದ್ದಳು ಅನ್ನುವುದು ನೆನಪಿರಬೇಕು. ಐದು ಜನ ಐದು ಉಪಾಯ ಹೇಳುತ್ತಾರೆ, ಒಂದನ್ನು ಆರಿಸಬೇಕು, ಉಳಿದ ನಾಲ್ವರು ಮುನಿಸಿಕೊಳ್ಳದೆ ಜೊತೆಗೆ ನಿಲ್ಲಬೇಕು. ಇದನ್ನು ಕಲಿಯಲು ಹರೆಯದ ಹುಡುಗರಿಗೆ ಬೇರೆ ಜಾಗ ಎಲ್ಲಿದೆ ಹೇಳಿ.

ನಮ್ಮ ಗುಂಪಿನಲ್ಲಿ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯನಿದ್ದಾನೆ. ಮಾತು ಬಹಳ ಕಡಿಮೆ. ಆಟದಲ್ಲಿ ಅವನು ಎತ್ತಿನ ವ್ಯಾಪಾರಿಯ ಪಾತ್ರ ತಗೊಂಡ. ಮೊದಮೊದಲು 'ನನ್ನ ಪಾತ್ರ ಬೆಲೆ ಕೇಳುತ್ತಾನೆ' ಅಂತಷ್ಟೇ ಹೇಳುತ್ತಿದ್ದ. ಒಂದು ದಿನ ಚೌಕಾಸಿಗೆ ನಿಂತವನು ಜಿಎಂ ಬಾಯಿ ಕಟ್ಟುವ ಹಾಗೆ ಮಾತಾಡಿದ. ಹೊರಗೆ ಅವನು ಈಗಲೂ ಕಡಿಮೆಯೇ ಮಾತಾಡುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾತು ಅವನೊಳಗಿದೆ ಅಂತ ನಮಗೆ ಗೊತ್ತಾಯಿತು, ಅವನಿಗೂ ಗೊತ್ತಾಯಿತು. ಪಾತ್ರದ ಮರೆಯಲ್ಲಿ ನಿಂತಾಗ ಸೋಲಿನ ನಾಚಿಕೆ ಕಡಿಮೆ. ಈ ಆಟದ ಸೆಳೆತವೂ ಅದೇ ಇರಬೇಕು ಅಂತ ನನಗನಿಸುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು. ಕಾಗದ, ಪೆನ್ಸಿಲ್, ಹಾವು ಏಣಿ ಡಬ್ಬಿಯ ಎರಡು ದಾಳ ಇದ್ದರೆ ಶುರು ಮಾಡಬಹುದು. ಒಂದೇ ಪುಟದ ನಿಯಮ ಇರುವ ಆಟಗಳೂ ಇವೆ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸುವಂತೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ನಿಯಮ ಇಂಗ್ಲಿಷಿನಲ್ಲಿದೆ, ನಿಜ. ಅದನ್ನು ಓದಲು ಒಬ್ಬ ಸಾಕು. ಆಡುವುದು ಮನೆಮಾತಿನಲ್ಲಿ. ಬೆಳಗಾವಿಯ ಟೇಬಲ್ ಅಂದಮೇಲೆ ಕನ್ನಡದ ನಡುವೆ ಮರಾಠಿ ಬರುತ್ತದೆ, ಯಾರಿಗೂ ಅಡ್ಡಿಯಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಡ್ರ್ಯಾಗನ್ ನಮಗ್ಯಾಕೆ, ನಮ್ಮ ಊರಿನ ಕತೆಯನ್ನೇ ಆಡಬಹುದಲ್ವಾ? ಖಂಡಿತ ಆಡಬಹುದು. ವಿಜಯಪುರದ ಗೋಳಗುಮ್ಮಟ ಒಂದೇ ಸಾಕು. ಸುಮಾರು 38 ಮೀಟರ್ ಅಗಲದ ಗುಮ್ಮಟದ ಒಂದು ಬದಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ. ಗುಟ್ಟು ಹೇಳಲು ಬಂದ ಇಬ್ಬರನ್ನು ಅಲ್ಲಿ ನಿಲ್ಲಿಸಿ, ಉಳಿದದ್ದನ್ನು ಆಡುವವರು ನೋಡಿಕೊಳ್ಳುತ್ತಾರೆ.

ಆದರೆ ಕಿತ್ತೂರಿನ ಕತೆ ಎತ್ತಿಕೊಂಡರೆ ಒಂದು ಎಚ್ಚರಿಕೆ. ಚನ್ನಮ್ಮನ ಪಾತ್ರವನ್ನು, ರಾಯಣ್ಣನ ಪಾತ್ರವನ್ನು ಆಡುವವರ ಕೈಗೆ ಕೊಡಬೇಡಿ. ಗೌರವದ ಭಾರಕ್ಕೆ ಹುಡುಗರು ಬಾಯಿಯೇ ಬಿಡುವುದಿಲ್ಲ. ಬಿಟ್ಟರೂ ಭಾಷಣ ಶುರುವಾಗುತ್ತದೆ. ಕುದುರೆ ನೋಡಿಕೊಳ್ಳುವವನು, ಮದ್ದು ಹೊರುವವಳು, ಕೋಟೆ ಬಾಗಿಲ ಕಾವಲಿನವನು, ಇಂಥವರನ್ನು ಕೊಡಿ. ಇವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಇವರು ಏನು ಬೇಕಾದರೂ ಮಾಡಬಹುದು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರಿಗೆ ಸೆರೆ ಸಿಕ್ಕರು. ಆ ಸೆರೆಯಾಳುಗಳನ್ನು ಕಾಯುವ ಕೆಲಸ ನಿಮ್ಮ ಪಾತ್ರಗಳದ್ದು ಅಂದುಕೊಳ್ಳಿ. ಒಬ್ಬನಿಗೆ ಯುದ್ಧದಲ್ಲಿ ಸತ್ತ ಅಣ್ಣನ ಸಿಟ್ಟು. ಒಬ್ಬಳಿಗೆ ಇವರನ್ನು ಬಿಟ್ಟು ಕಳಿಸಿದರೆ ಊರು ಉಳಿದೀತು ಎಂಬ ಆಸೆ. ಒಂದು ಸಂಜೆಗೆ ಇಷ್ಟು ಬೇಕಾದಷ್ಟಾಯಿತು.

ದತ್ತು ಮಗನನ್ನು ಕಂಪನಿ ಒಪ್ಪದ ಜಗಳದಿಂದ ಶುರು ಮಾಡಲು ಹೋಗಬೇಡಿ. ಅದನ್ನು ವಿವರಿಸುವುದರಲ್ಲೇ ಮಧ್ಯಾಹ್ನ ಮುಗಿದುಹೋಗುತ್ತದೆ, ಆಡುವವರು ಆಕಳಿಸುತ್ತಾರೆ. 23ರ ಸಂಜೆಯಿಂದಲೇ ಶುರು ಮಾಡಿ. ಸೆರೆಯಾಳುಗಳನ್ನು ಒಳಗೆ ಕರೆತಂದಿದ್ದಾರೆ, ಬಾಗಿಲ ಕೀಲಿ ನಿಮ್ಮ ಕೈಯಲ್ಲಿದೆ ಅಂತ ಹೇಳಿ, 'ಏನ್ ಮಾಡ್ತೀರಿ?' ಅಂತ ಕೇಳಿ.